ಬೆಟ್ಟಿಂಗ್ ಎಕ್ಸ್‌ಚೇಂಜ್‌ನಲ್ಲಿ ಫುಟ್‌ಬಾಲ್: ಪರದೆಯ ಆಡ್ಸ್ ಮತ್ತು ಕೈಗೆ ಬರುವ ಆಡ್ಸ್

ಬುಕ್‌ಮೇಕರ್‌ಗಿಂತ ಎಕ್ಸ್‌ಚೇಂಜ್‌ನಲ್ಲಿ ಆಡ್ಸ್, ಅಂದರೆ ಬಾಜಿ ಗೆದ್ದರೆ ಸಿಗುವ ದರ, ಹೆಚ್ಚು ಸಿಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಪರದೆಯ ಮೇಲೆ ಕಾಣುವ ಸಂಖ್ಯೆಯೇ ಬೇರೆ, ಕಮಿಷನ್ ಕಳೆದು ಕೈಗೆ ಬರುವ ಸಂಖ್ಯೆಯೇ ಬೇರೆ. ಇವೆರಡರ ನಡುವಿನ ಅಂತರ ಎಲ್ಲಿ ಗ್ರಾಹಕನ ಪರವಾಗಿದೆ, ಎಲ್ಲಿ ಇಲ್ಲ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಒಂದು ಪೂರ್ತಿ ಫುಟ್‌ಬಾಲ್ ಋತುವಿನಲ್ಲಿ ಎರಡು ಎಕ್ಸ್‌ಚೇಂಜ್‌ಗಳಲ್ಲಿ ಸಣ್ಣ ಮೊತ್ತದ ಬಾಜಿ ಕಟ್ಟುತ್ತಾ, ಪ್ರತಿ ಬಾಜಿಯ ಪಕ್ಕದಲ್ಲಿ ಅದೇ ಹೊತ್ತಿನ ಬುಕ್‌ಮೇಕರ್ ದರವನ್ನೂ ಬರೆದಿಟ್ಟುಕೊಂಡು ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಯಾವ ತಂಡ ಗೆಲ್ಲುತ್ತದೆ ಎಂದು ಹೇಳುವ ವಿದ್ಯೆ ನನಗೆ ತಿಳಿಯದು. ನಾನು ಪರೀಕ್ಷಿಸಿದ್ದು ದರವನ್ನು ಮಾತ್ರ.

ಈ ವ್ಯವಸ್ಥೆಯನ್ನು ಮೊದಲ ಬಾರಿ ನೋಡುವವರಿಗೆ ಎರಡು ಮಾತು. ಬುಕ್‌ಮೇಕರ್ ತಾನೇ ದರ ಹೇಳುತ್ತಾನೆ, ತಾನೇ ನಮ್ಮ ಎದುರಾಳಿಯಾಗುತ್ತಾನೆ. ಎಕ್ಸ್‌ಚೇಂಜ್‌ನಲ್ಲಿ ಎದುರಾಳಿ ಇನ್ನೊಬ್ಬ ಗ್ರಾಹಕ. ಒಬ್ಬ ತಂಡದ ಪರವಾಗಿ ಬ್ಯಾಕ್ ಮಾಡುತ್ತಾನೆ, ಇನ್ನೊಬ್ಬ ಅದೇ ತಂಡ ಗೆಲ್ಲುವುದಿಲ್ಲ ಎಂದು ಲೇ ಮಾಡುತ್ತಾನೆ, ಸಂಸ್ಥೆ ಇಬ್ಬರನ್ನೂ ಜೋಡಿಸಿ ಗೆದ್ದವನ ಲಾಭದಿಂದ ಕಮಿಷನ್ ಹಿಡಿದುಕೊಳ್ಳುತ್ತದೆ. ಷೇರುಪೇಟೆಯ ಈ ಮಾದರಿಯನ್ನು ಬಾಜಿಗೆ ತಂದು ದೊಡ್ಡದಾಗಿ ಬೆಳೆಸಿದ್ದು 2000ನೇ ಇಸವಿಯ ಜೂನ್‌ನಲ್ಲಿ ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ ಲಂಡನ್‌ನಲ್ಲಿ ಆರಂಭಿಸಿದ ಬೆಟ್‌ಫೇರ್. ಆಗ ಪ್ರಚಾರಕ್ಕಾಗಿ ಬುಕ್‌ಮೇಕರ್‌ಗಳ ಕಾಲ ಮುಗಿಯಿತೆಂದು ಸಾರುವ ಅಣಕು ಶವಯಾತ್ರೆಯನ್ನೇ ಲಂಡನ್ ಬೀದಿಯಲ್ಲಿ ನಡೆಸಿದ್ದರು. 2016ರಲ್ಲಿ ಅದೇ ಬೆಟ್‌ಫೇರ್ ಪ್ಯಾಡಿ ಪವರ್ ಎಂಬ ಬುಕ್‌ಮೇಕರ್ ಜೊತೆ ವಿಲೀನವಾಯಿತು. ಅಂದು ಹೆಣ ಹೊತ್ತವರೇ ಹದಿನಾರು ವರ್ಷದ ನಂತರ ಬೀಗರಾದರು ಎನ್ನಬೇಕು. 2008ರಲ್ಲಿ ಸ್ಥಾಪನೆಯಾದ ಸ್ಮಾರ್ಕೆಟ್ಸ್ ಶೇ 2ರ ಕಮಿಷನ್ ಹಿಡಿದುಕೊಂಡು ಸ್ಪರ್ಧೆಗೆ ಇಳಿಯಿತು. ಬೆಟ್‌ಡ್ಯಾಕ್, ಮ್ಯಾಚ್‌ಬುಕ್ ಮುಂತಾದವೂ ಇವೆ. ಆದರೂ ಹಣದ ಹರಿವಿನ ದೃಷ್ಟಿಯಿಂದ ಬೆಟ್‌ಫೇರ್‌ನ ಸಮಕ್ಕೆ ಮತ್ತೊಂದು ಎಕ್ಸ್‌ಚೇಂಜ್ ಬಂದಿಲ್ಲ.

ಈಗ ದರದ ವಿಷಯ. ನನ್ನ ಪುಸ್ತಕದಲ್ಲಿರುವ ಒಂದು ಸಾಧಾರಣ ಪಂದ್ಯವನ್ನು ತೆಗೆದುಕೊಳ್ಳೋಣ. ಬುಕ್‌ಮೇಕರ್ ಬಳಿ ತವರು ತಂಡಕ್ಕೆ 2.10, ಡ್ರಾಗೆ 3.40, ಎದುರು ತಂಡಕ್ಕೆ 3.50 ಇತ್ತು. ದಶಮಾಂಶ ಆಡ್ಸ್‌ನಲ್ಲಿ 2.10 ಎಂದರೆ 10 ಪೌಂಡ್ ಕಟ್ಟಿ ಗೆದ್ದವನಿಗೆ ಅಸಲೂ ಸೇರಿ 21 ಪೌಂಡ್. ಒಂದನ್ನು ಈ ಪ್ರತಿಯೊಂದು ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಕೂಡಿದರೆ ಶೇ 105.6 ಆಗುತ್ತದೆ, ನೂರರ ಮೇಲಿನ ಆ ಐದು ಚಿಲ್ಲರೆಯೇ ಬುಕ್‌ಮೇಕರ್‌ನ ಹೊಟ್ಟೆಪಾಡು. ಅದೇ ಹೊತ್ತಿಗೆ ಎಕ್ಸ್‌ಚೇಂಜ್‌ನಲ್ಲಿ ಬ್ಯಾಕ್ ದರಗಳು 2.18, 3.55 ಮತ್ತು 3.70 ಇದ್ದವು, ಮೊತ್ತ ಶೇ 101ಕ್ಕೆ ಸ್ವಲ್ಪ ಹೆಚ್ಚು. ಇಷ್ಟನ್ನೇ ನೋಡಿದರೆ ಹೋಲಿಕೆಯೇ ಬೇಡ ಎನಿಸುತ್ತದೆ. ಆದರೆ ಗೆದ್ದ ಲಾಭದ ಮೇಲೆ ಶೇ 5 ಕಮಿಷನ್ ಹೋದರೆ 2.18 ಎಂಬುದು ನಿಜದಲ್ಲಿ 2.12 ಆಗುತ್ತದೆ, ಶೇ 2 ಹೋದರೆ 2.156 ಆಗುತ್ತದೆ. ನೂರು ಪೌಂಡ್ ಕಟ್ಟಿ ಗೆದ್ದವನಿಗೆ ಬುಕ್‌ಮೇಕರ್ ಕೊಡುವ ಲಾಭ 110; ಶೇ 5ರ ಎಕ್ಸ್‌ಚೇಂಜ್ ಕೊಡುವುದು 112.10, ಶೇ 2ರದು 115.64. ಲಾಭವಿದೆ, ಆದರೆ ಪರದೆ ತೋರಿಸಿದಷ್ಟಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಎಕ್ಸ್‌ಚೇಂಜ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಕಮಿಷನ್ ಎಷ್ಟು ಎಂಬುದೇ. ಬೆಟ್‌ಫೇರ್‌ನಲ್ಲಿ ಬಹುಕಾಲ ಮೂಲ ದರ ಶೇ 5 ಇತ್ತು. ನಂತರ 2, 5, 8 ಎಂದು ಬೇರೆಬೇರೆ ಯೋಜನೆಗಳು ಬಂದವು, ಹೆಚ್ಚು ಕಮಿಷನ್ ಕೊಡುವವರಿಗೆ ಹೆಚ್ಚು ಉಡುಗೊರೆಯ ಆಮಿಷ. ಒಳ್ಳೆಯ ದರಕ್ಕಾಗಿಯೇ ಎಕ್ಸ್‌ಚೇಂಜ್‌ಗೆ ಬಂದವರು ಶೇ 8 ಕೊಟ್ಟು ಉಡುಗೊರೆ ಪಡೆಯುವುದರಲ್ಲಿ ಏನು ಅರ್ಥವಿದೆಯೋ ನನಗೆ ತಿಳಿಯದು.

ಕಮಿಷನ್‌ನ ಏಟು ಎಲ್ಲ ದರಗಳ ಮೇಲೂ ಒಂದೇ ರೀತಿ ಬೀಳುವುದಿಲ್ಲ. ಗೆಲ್ಲುವ ಸಾಧ್ಯತೆ ಬಹಳ ಹೆಚ್ಚಿರುವ ದೊಡ್ಡ ತಂಡವೊಂದಕ್ಕೆ ಬುಕ್‌ಮೇಕರ್ 1.25 ಕೊಡುತ್ತಿದ್ದಾಗ ಎಕ್ಸ್‌ಚೇಂಜ್‌ನಲ್ಲಿ 1.26 ಇತ್ತು. ಶೇ 5 ಕಳೆದರೆ ಅದು 1.247, ಅಂದರೆ ಬುಕ್‌ಮೇಕರ್‌ಗಿಂತ ಕಡಿಮೆ. ಶೇ 2 ಕಳೆದರೂ 1.2548, ನೂರು ಪೌಂಡಿಗೆ ಅರ್ಧ ಪೌಂಡಿನಷ್ಟೂ ಹೆಚ್ಚಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಯಾರೂ ನಂಬದ ಸಣ್ಣ ತಂಡಕ್ಕೆ ಬುಕ್‌ಮೇಕರ್ 12 ಕೊಡುತ್ತಿದ್ದರೆ ಎಕ್ಸ್‌ಚೇಂಜ್‌ನಲ್ಲಿ 15 ಸಿಕ್ಕಿದ್ದುಂಟು, ಶೇ 5 ಕಳೆದ ಮೇಲೂ ಅದು 14.3. ಬುಕ್‌ಮೇಕರ್ ತನ್ನ ಲಾಭದ ಅಂಚನ್ನು ಹೆಚ್ಚಾಗಿ ದೊಡ್ಡ ಸಂಖ್ಯೆಗಳಲ್ಲಿ ಬಚ್ಚಿಡುತ್ತಾನೆ, ಏಕೆಂದರೆ 12ಕ್ಕೂ 15ಕ್ಕೂ ಇರುವ ವ್ಯತ್ಯಾಸವನ್ನು ಆಸೆಗಣ್ಣಿನ ಗ್ರಾಹಕ ಅಳೆಯುವುದಿಲ್ಲ. ಆದ್ದರಿಂದ ಎಕ್ಸ್‌ಚೇಂಜ್‌ನ ನಿಜವಾದ ಅನುಕೂಲ ಡ್ರಾ ಮತ್ತು ದುರ್ಬಲ ತಂಡಗಳ ಕಡೆಗಿದೆ. ಮೆಚ್ಚಿನ ದೊಡ್ಡ ತಂಡದ ಮೇಲಷ್ಟೇ ಬಾಜಿ ಕಟ್ಟುವ ಅಭ್ಯಾಸವಿರುವವರಿಗೆ ಖಾತೆ ಬದಲಿಸಿದ್ದರಿಂದ ಹೆಚ್ಚೇನೂ ಸಿಗದು.

ಆದರೆ ಅದಕ್ಕೂ ಒಂದು ಮಿತಿ ಇದೆ. ಬೆಟ್‌ಫೇರ್‌ನಲ್ಲಿ ಆಡ್ಸ್ 1.01ರಿಂದ ಆರಂಭವಾಗಿ 1000ಕ್ಕೆ ನಿಲ್ಲುತ್ತದೆ, ಅದರಾಚೆ ಕೇಳುವಂತೆಯೇ ಇಲ್ಲ. 2015-16ರ ಪ್ರೀಮಿಯರ್ ಲೀಗ್ ಆರಂಭದಲ್ಲಿ ಲೆಸ್ಟರ್ ಸಿಟಿ ಪ್ರಶಸ್ತಿ ಗೆಲ್ಲುತ್ತದೆ ಎಂಬುದಕ್ಕೆ ಬುಕ್‌ಮೇಕರ್‌ಗಳು 5000ಕ್ಕೆ 1, ಅಂದರೆ ಒಂದು ಪೌಂಡಿಗೆ 5000 ಪೌಂಡ್ ಲಾಭ, ಕೊಟ್ಟಿದ್ದರು. ಅದನ್ನು ಹಿಡಿದ ಬೆರಳೆಣಿಕೆಯ ಜನ ಅಂದು ಎಕ್ಸ್‌ಚೇಂಜ್‌ಗೆ ಹೋಗಿದ್ದರೆ ಐದನೆಯ ಒಂದು ಭಾಗದಷ್ಟೂ ಪಡೆಯುತ್ತಿರಲಿಲ್ಲ.

ಕಮಿಷನ್ ಹಿಡಿಯುವ ಕ್ರಮದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದನ್ನು ನಾನು ತಡವಾಗಿ ಗಮನಿಸಿದೆ. ಕಮಿಷನ್ ಪ್ರತಿ ಬಾಜಿಯ ಮೇಲಲ್ಲ, ಒಂದು ಮಾರ್ಕೆಟ್‌ನ, ಅಂದರೆ ಒಂದೇ ಪ್ರಶ್ನೆಯ ಮೇಲೆ ಕಟ್ಟುವ ಬಾಜಿಗಳ ಗುಂಪಿನ, ನಿವ್ವಳ ಲಾಭದ ಮೇಲೆ. ಪಂದ್ಯದ ಫಲಿತಾಂಶದ ಮಾರ್ಕೆಟ್ ಒಳಗೆ ಒಂದು ಬಾಜಿಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಎರಡೂ ಹೊಂದಾಣಿಕೆಯಾಗಿ ಉಳಿದದ್ದಕ್ಕೆ ಮಾತ್ರ ಕಮಿಷನ್. ಆದರೆ ಫಲಿತಾಂಶದಲ್ಲಿ 40 ಪೌಂಡ್ ಗೆದ್ದು, ಅದೇ ಪಂದ್ಯದ ಎರಡೂವರೆ ಗೋಲಿನ (ಒಟ್ಟು ಗೋಲು ಮೂರಾದರೂ ಆಗುತ್ತದೋ ಇಲ್ಲವೋ ಎಂಬ) ಮಾರ್ಕೆಟ್‌ನಲ್ಲಿ 40 ಸೋತರೆ, ಸರಿಸಮವಾಯಿತು ಎಂದು ನೀವು ಅಂದುಕೊಳ್ಳುವಾಗ ಸಂಸ್ಥೆ 40ರ ಮೇಲೆ ಶೇ 5ರಂತೆ 2 ಪೌಂಡ್ ತೆಗೆದುಕೊಂಡಿರುತ್ತದೆ. ಒಂದೇ ಪಂದ್ಯದಲ್ಲಿ ಮೂರು ನಾಲ್ಕು ಮಾರ್ಕೆಟ್‌ಗೆ ಕೈಹಾಕುವವರ ಖಾತೆ ಹೀಗೆ ಸದ್ದಿಲ್ಲದೆ ಸೋರುತ್ತದೆ.

ಇನ್ನು ಎಕ್ಸ್‌ಚೇಂಜ್‌ನ ಪರದೆ. ಎಡಗಡೆ ನೀಲಿ ಚೌಕಗಳಲ್ಲಿ ಬ್ಯಾಕ್ ದರ, ಬಲಗಡೆ ಗುಲಾಬಿ ಚೌಕಗಳಲ್ಲಿ ಲೇ ದರ. ಪ್ರತಿ ದರದ ಕೆಳಗೆ ಅಷ್ಟು ದರಕ್ಕೆ ಎಷ್ಟು ಹಣ ಕಾದಿದೆ ಎಂಬ ಮೊತ್ತ. ಮೇಲಿನ ಪಂದ್ಯದಲ್ಲಿ ತವರು ತಂಡಕ್ಕೆ ನೀಲಿಯಲ್ಲಿ 2.18, ಗುಲಾಬಿಯಲ್ಲಿ 2.20. ಹೊಸಬರು ನೀಲಿ ಸಂಖ್ಯೆಯನ್ನು ಒತ್ತಿ ಇದ್ದ ದರಕ್ಕೆ ಒಪ್ಪಿಕೊಳ್ಳುತ್ತಾರೆ. ಆದರೆ ಇಲ್ಲಿ ದರ ಕೇಳುವ ಹಕ್ಕು ನಮಗಿದೆ, ನನಗೆ 2.20 ಬೇಕು ಎಂದು ಹಾಕಿ ಸರದಿಯಲ್ಲಿ ನಿಲ್ಲಬಹುದು. ನಮಗಿಂತ ಮೊದಲು ಅದೇ ದರ ಕೇಳಿದವರ ಹಣ ಜೋಡಿಯಾದ ಮೇಲೆ ನಮ್ಮ ಸರದಿ. ಆಟ ಆರಂಭವಾಗಲು ಇನ್ನೂ ಗಂಟೆಗಳಿರುವಾಗ ಸರದಿ ಆಮೆಯಂತೆ ಸಾಗುತ್ತದೆ, ಕೊನೆಯ ಅರ್ಧ ಗಂಟೆಯಲ್ಲಿ ನೋಡನೋಡುತ್ತಿದ್ದಂತೆ ಕರಗುತ್ತದೆ. ಹೀಗೆ ಒಂದು ಮೆಟ್ಟಿಲು ಮೇಲಿನ ದರ ಕೇಳಿ ಕಾಯುವುದರಿಂದ ಕಮಿಷನ್‌ನ ಭಾರ ಸಾಕಷ್ಟು ಇಳಿಯುತ್ತದೆ ಎಂಬುದು ಋತುವಿನ ಮೊದಲ ತಿಂಗಳು ನಾನು ಕಂಡುಕೊಂಡ ದೊಡ್ಡ ಸತ್ಯವಾಗಿತ್ತು, ಮತ್ತು ಅದರ ಅಮಲು ಸ್ವಲ್ಪ ಹೆಚ್ಚೇ ಏರಿತ್ತು.

ಒಂದು ಶನಿವಾರ ತವರು ತಂಡಕ್ಕೆ 2.22 ಇದ್ದಾಗ ನಾನು ಜಿಪುಣತನದಿಂದ 2.30 ಕೇಳಿ 10 ಪೌಂಡ್ ಇಟ್ಟು ಚಹಾ ಮಾಡಲು ಎದ್ದೆ. ಹಿಂದಿರುಗಿ ಬಂದಾಗ ಬಾಜಿ ಪೂರ್ತಿ ಜೋಡಿಯಾಗಿತ್ತು. ಕೇಳಿದ್ದು ಸಿಕ್ಕಿತಲ್ಲ ಎಂಬ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ, ಏಕೆಂದರೆ ಪರದೆಯ ಮೇಲೆ ದರ ಆಗಲೇ 2.44 ಆಗಿತ್ತು. ಆಡುವ ಹನ್ನೊಂದು ಜನರ ಪಟ್ಟಿ ಹೊರಬಿದ್ದಿತ್ತು. ತಂಡದ ಮುಖ್ಯ ಮುನ್ಪಡೆ ಆಟಗಾರ ಅದರಲ್ಲೂ ಇರಲಿಲ್ಲ, ಬದಲಿ ಆಟಗಾರರ ಸಾಲಿನಲ್ಲೂ ಇರಲಿಲ್ಲ. ಸುದ್ದಿ ಓದಿದವನು ಯಾರೋ ನನ್ನ 2.30ನ್ನು ಓಡಿಬಂದು ಎತ್ತಿಕೊಂಡಿದ್ದ. ಆ ಹೊತ್ತಿಗೆ ಬುಕ್‌ಮೇಕರ್ ದರಕ್ಕಿಂತ ಅದು ಹೆಚ್ಚೇ ಇದ್ದರೂ, ತಂಡದ ಬಲಕ್ಕೆ ಹೋಲಿಸಿದರೆ ಕಡಿಮೆಯಾಗಿತ್ತು. ಕಾದು ಪಡೆದ ಒಳ್ಳೆಯ ದರದಲ್ಲಿ ಈ ವಿಷ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ: ತಂಡದ ಪರವಾಗಿ ಒಳ್ಳೆಯ ಸುದ್ದಿ ಬಂದರೆ ನಮ್ಮ ಬಾಜಿ ಜೋಡಿಯಾಗದೆ ಉಳಿಯುತ್ತದೆ, ಕೆಟ್ಟ ಸುದ್ದಿ ಬಂದರೆ ತಕ್ಷಣ ಜೋಡಿಯಾಗುತ್ತದೆ. ಅಂದಿನಿಂದ ತಂಡದ ಪಟ್ಟಿ ಪ್ರಕಟವಾಗುವ ಹೊತ್ತಿಗೆ ಜೋಡಿಯಾಗದ ಬಾಜಿಗಳನ್ನೆಲ್ಲ ಹಿಂದಕ್ಕೆ ತೆಗೆದು, ಪಟ್ಟಿ ನೋಡಿದ ಮೇಲೆ ಮತ್ತೆ ಹಾಕುತ್ತಿದ್ದೇನೆ. ಎಕ್ಸ್‌ಚೇಂಜ್ ಬಳಸುವವರಿಗೆ ನಾನು ಕೊಡಬಹುದಾದ ಸಲಹೆಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಲೇ ಎಂಬುದನ್ನು ಹಲವರು ಭಯದಿಂದ ಮುಟ್ಟುವುದೇ ಇಲ್ಲ. ಭಯಕ್ಕೆ ಕಾರಣವೂ ಇದೆ, ಏಕೆಂದರೆ 15ರ ದರದಲ್ಲಿ 10 ಪೌಂಡ್ ಲೇ ಮಾಡಿದವನು ಸೋತರೆ ಕೊಡಬೇಕಾದದ್ದು 140 ಪೌಂಡ್. ಆದರೆ ಸಣ್ಣ ದರಗಳಲ್ಲಿ ಲೇ ಮಾಡುವುದು ಮೂರು ಫಲಿತಾಂಶಗಳಲ್ಲಿ ಎರಡನ್ನು ಒಟ್ಟಿಗೆ ಹಿಡಿಯುವ ಬುಕ್‌ಮೇಕರ್‌ನ ಡಬಲ್ ಚಾನ್ಸ್ ಬಾಜಿಗಿಂತ ಅಗ್ಗವಾಗಿ ಬೀಳುತ್ತದೆ, ಮತ್ತು ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಅದೇ ಪಂದ್ಯವನ್ನು ನೋಡಿ. ತವರು ತಂಡ ಗೆಲ್ಲುವುದಿಲ್ಲ ಎಂದು ನನಗೆ ಅನಿಸಿದರೆ, 2.20ರಲ್ಲಿ 10 ಪೌಂಡ್ ಲೇ ಮಾಡುತ್ತೇನೆ. ತಂಡ ಗೆದ್ದರೆ ನಾನು ಕಳೆದುಕೊಳ್ಳುವುದು 12, ಗೆಲ್ಲದಿದ್ದರೆ ಶೇ 5 ಕಮಿಷನ್ ಕಳೆದು ನನಗೆ ಬರುವುದು 9.50. ಬುಕ್‌ಮೇಕರ್ ಬಳಿ ಡ್ರಾ ಅಥವಾ ಎದುರು ತಂಡ ಎಂಬ ಡಬಲ್ ಚಾನ್ಸ್ 1.72 ಇತ್ತು, ಅಲ್ಲಿ ಅದೇ 12 ಪೌಂಡ್ ಅಪಾಯಕ್ಕೆ ಒಡ್ಡಿದರೆ ಬರುವ ಲಾಭ 8.64. ಬಾಜಿ ಒಂದೇ, ಅಪಾಯ ಒಂದೇ, ವ್ಯತ್ಯಾಸ 86 ಪೆನ್ಸ್. ಎಕ್ಸ್‌ಚೇಂಜ್‌ನ ಡಬಲ್ ಚಾನ್ಸ್ ಮಾರ್ಕೆಟ್‌ಗೆ ಹೋಗುವ ಅಗತ್ಯವೂ ಇಲ್ಲ; ಅಲ್ಲಿ ಹಣ ಕಡಿಮೆ, ದರವೂ ಸೊರಗಿರುತ್ತದೆ.

ಹಣ ಕಡಿಮೆ ಎಂದೆನಲ್ಲ, ಎಕ್ಸ್‌ಚೇಂಜ್‌ನ ದೊಡ್ಡ ದೌರ್ಬಲ್ಯ ಅದೇ. ಪ್ರೀಮಿಯರ್ ಲೀಗ್, ಚಾಂಪಿಯನ್ಸ್ ಲೀಗ್, ಸ್ಪೇನ್‌ನ ಲಾ ಲಿಗಾದ ದೊಡ್ಡ ಪಂದ್ಯಗಳ ಫಲಿತಾಂಶದ ಮಾರ್ಕೆಟ್‌ನಲ್ಲಿ ನನ್ನಂಥ ಸಣ್ಣವನ ಹಣ ಸಮುದ್ರಕ್ಕೆ ಸುರಿದ ಚೊಂಬು ನೀರು. ಆದರೆ ಕೆಳಹಂತದ ಲೀಗ್‌ಗಳಿಗೆ, ಕಾರ್ನರ್‌ಗಳ ಸಂಖ್ಯೆಗೆ, ಮೊದಲ ಗೋಲು ಹೊಡೆಯುವವನ ಮಾರ್ಕೆಟ್‌ಗೆ ಇಳಿದರೆ ಚಿತ್ರವೇ ಬೇರೆ. ಕೆಳಹಂತದ ಪಂದ್ಯವೊಂದರಲ್ಲಿ ನೀಲಿ ಚೌಕದಲ್ಲಿ 4.5 ಕಂಡು ಆಸೆಯಿಂದ 20 ಪೌಂಡ್ ಹಾಕಿದೆ; 4.5ರಲ್ಲಿ ಇದ್ದದ್ದು 7 ಪೌಂಡ್ ಮಾತ್ರ, ಅದರ ಹಿಂದಿನ ದರ 3.8. ಏಳು ಪೌಂಡ್ ಜೋಡಿಯಾಗಿ ಉಳಿದ ಹದಿಮೂರು ಪಂದ್ಯ ಆರಂಭವಾಗುವವರೆಗೂ ಅನಾಥವಾಗಿ ಕುಳಿತಿತ್ತು. ಬುಕ್‌ಮೇಕರ್ ಬಳಿ ಅದೇ ತಂಡಕ್ಕೆ 4.2 ಪೂರ್ತಿ ಸಿಗುತ್ತಿತ್ತು. ದರದ ಕೆಳಗಿನ ಮೊತ್ತವನ್ನು ಓದದೆ ದರವನ್ನು ಮಾತ್ರ ಓದಿದ್ದು ನನ್ನದೇ ತಪ್ಪು. ಹಲವು ಪಂದ್ಯಗಳನ್ನು ಒಟ್ಟಿಗೆ ಸೇರಿಸಿ ಕಟ್ಟುವವರಿಗಂತೂ ಎಕ್ಸ್‌ಚೇಂಜ್ ಹೇಳಿ ಮಾಡಿಸಿದ ಜಾಗವಲ್ಲ.

ಆಟ ನಡೆಯುತ್ತಿರುವಾಗ ಕಟ್ಟುವ ಬಾಜಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಗುಂಡಿ ಒತ್ತಿದ ಮೇಲೆ ಬಾಜಿ ಕೆಲವು ಸೆಕೆಂಡು ತಡೆದು ಒಳಗೆ ಹೋಗುತ್ತದೆ. ಕ್ರೀಡಾಂಗಣದಲ್ಲಿ ಕುಳಿತವನು ಟಿವಿ ನೋಡುವವನನ್ನು ಸುಲಿಯದಿರಲಿ ಎಂಬುದು ಇದರ ಉದ್ದೇಶ. ಆದರೂ ನೇರಪ್ರಸಾರ ನಮ್ಮ ಫೋನಿಗೆ ತಲುಪುವಷ್ಟರಲ್ಲಿ ಆ ಸೆಕೆಂಡುಗಳಿಗಿಂತ ಹೆಚ್ಚು ತಡವಾಗಿರುತ್ತದೆ, ನಾವು ನೋಡುತ್ತಿರುವುದು ಆಗಿಹೋದ ಆಟವನ್ನು. ಗೋಲಾದರೆ ಮಾರ್ಕೆಟ್ ಸ್ಥಗಿತಗೊಂಡು ಜೋಡಿಯಾಗದ ಬಾಜಿಗಳೆಲ್ಲ ಅಳಿಸಿಹೋಗುತ್ತವೆ. ಆಟದ ನಡುವೆ ಹೊರಬರುವ ಸೌಲಭ್ಯ ಮಾತ್ರ ಉಪಯುಕ್ತ. 3.00ರಲ್ಲಿ 20 ಪೌಂಡ್ ಬ್ಯಾಕ್ ಮಾಡಿದ ತಂಡ ಮೊದಲ ಗೋಲು ಹೊಡೆದು ದರ 2.00ಕ್ಕೆ ಇಳಿದರೆ, 30 ಪೌಂಡ್ ಲೇ ಮಾಡಿ ಫಲಿತಾಂಶ ಏನೇ ಆಗಲಿ 10 ಪೌಂಡ್ ಉಳಿಸಿಕೊಳ್ಳಬಹುದು, ಕಮಿಷನ್ ಹೋಗುವುದು ಅದರಿಂದಲೇ. ಕ್ಯಾಷ್ ಔಟ್ ಎಂಬ ಗುಂಡಿ ಮಾಡುವುದೂ ಇದನ್ನೇ, ಆ ಕ್ಷಣದಲ್ಲಿ ಸಿಕ್ಕ ದರಕ್ಕೆ. ಕೈಯಾರೆ ಲೆಕ್ಕ ಹಾಕಿ ಒಂದು ಮೆಟ್ಟಿಲು ಒಳ್ಳೆಯ ದರ ಕೇಳುವುದನ್ನು ಆ ಗುಂಡಿ ಕಲಿಯಗೊಡುವುದಿಲ್ಲ.

ಗ್ರಾಹಕ ಸೇವೆಯೊಂದಿಗೆ ನನಗೆ ಒಮ್ಮೆ ಮಾತ್ರ ಕೆಲಸ ಬಿತ್ತು. ಆಟ ಆರಂಭವಾದ ಮೇಲೂ ಬಾಜಿ ಉಳಿಯಲಿ ಎಂಬ ಆಯ್ಕೆಯನ್ನು ಗುರುತು ಮಾಡಿದ್ದೆ ಎಂದೇ ನನ್ನ ನಂಬಿಕೆ. ಆದರೆ ಮೊದಲ ಸೀಟಿಯೊಂದಿಗೆ ಅದು ರದ್ದಾಗಿ, ಹತ್ತು ನಿಮಿಷದ ನಂತರ ನಾನು ಕೇಳಿದ್ದ ದರ ಮಾರ್ಕೆಟ್‌ನಲ್ಲಿ ಕಾಣಿಸಿಕೊಂಡಿತು. ದಾಖಲೆ ಕೇಳಿ ಬರೆದೆ. ಎರಡು ದಿನದ ಮೇಲೆ ಬಂದ ಉತ್ತರದಲ್ಲಿ ನಿಯಮಾವಳಿಯ ಮೂರು ಸಾಲು ಮತ್ತು ವಿಷಾದ ಇತ್ತು, ದಾಖಲೆ ಇರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಹಣ ಹಾಕುವುದು, ತೆಗೆಯುವುದರಲ್ಲಿ ಎರಡೂ ಕಡೆ ತೊಂದರೆಯಾಗಲಿಲ್ಲ. ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್‌ನಿಂದ ಬಾಜಿ ಕಟ್ಟುವುದನ್ನು ನಿಷೇಧಿಸಿರುವುದರಿಂದ ಖಾತೆಯಲ್ಲಿರುವ ಹಣದಲ್ಲೇ ಆಡಬೇಕು, ಅದು ಒಳ್ಳೆಯದೇ. ಇದೆಲ್ಲ ಪರವಾನಗಿ ಪಡೆದ ಎಕ್ಸ್‌ಚೇಂಜ್‌ಗಳ ಮಾತು. ಕಾನೂನು ಅನುಮತಿಸದ ಕಡೆಯಿಂದ ಅಡ್ಡದಾರಿಯಲ್ಲಿ ಖಾತೆ ತೆರೆದವನ ಹಣಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ.

ಗೆಲ್ಲುವವರನ್ನು ಎಕ್ಸ್‌ಚೇಂಜ್ ಹೊರಗೆ ಹಾಕುವುದಿಲ್ಲ ಎಂಬುದು ಇನ್ನೊಂದು ದೊಡ್ಡ ಹೊಗಳಿಕೆ. ಬುಕ್‌ಮೇಕರ್ ಸತತವಾಗಿ ಗೆಲ್ಲುವವನ ಮಿತಿಯನ್ನು ಪೆನ್ಸ್ ಲೆಕ್ಕಕ್ಕೆ ಇಳಿಸುತ್ತಾನೆ. ಎಕ್ಸ್‌ಚೇಂಜ್‌ಗೆ ಯಾರು ಗೆದ್ದರೂ ಕಮಿಷನ್ ಸಿಗುತ್ತದೆ. ತತ್ವ ಸರಿ. ಆದರೆ ಬೆಟ್‌ಫೇರ್ 2008ರಲ್ಲಿ ದೀರ್ಘಕಾಲ ಗೆಲ್ಲುವವರ ಮೇಲೆ ಪ್ರೀಮಿಯಂ ಚಾರ್ಜ್ ಎಂಬ ಹೆಚ್ಚುವರಿ ಶುಲ್ಕ ತಂದು, 2011ರಲ್ಲಿ ಅತಿ ಹೆಚ್ಚು ಗೆಲ್ಲುವವರಿಗೆ ಅದನ್ನು ಶೇ 60ರವರೆಗೆ ಏರಿಸಿತು. ನನ್ನಂಥವರಿಗೆ ಆ ಚಿಂತೆ ಬರುವ ಸಂಭವವಿಲ್ಲ.

ಏಕೆಂದರೆ ಋತುವಿನ ಕೊನೆಗೆ ನನ್ನ ಎರಡೂ ಖಾತೆಗಳಲ್ಲಿ ಹಾಕಿದ್ದಕ್ಕಿಂತ ಕಡಿಮೆ ಹಣವಿತ್ತು. ಅದೇ ಬಾಜಿಗಳನ್ನು ಬುಕ್‌ಮೇಕರ್ ಬಳಿ ಕಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಪುಸ್ತಕ ತೆರೆದು ಕೂಡಿಸಿದೆ. ಇನ್ನೂ ಹೆಚ್ಚು ಹೋಗುತ್ತಿತ್ತು. ಒಳ್ಳೆಯ ಆಡ್ಸ್ ನನಗೆ ಮಾಡಿಕೊಟ್ಟ ಉಪಕಾರ ಇಷ್ಟೇ, ಸೋಲಿನ ಬೆಲೆಯನ್ನು ಇಳಿಸಿತು. ಕಮಿಷನ್ ಹೆಚ್ಚಿರುವ ಖಾತೆಯನ್ನು ಮುಚ್ಚಿದ್ದೇನೆ. ಕಡಿಮೆ ಕಮಿಷನ್‌ನ ಖಾತೆಗೆ ತಿಂಗಳ ಮಿತಿ ಹಾಕಿ ಇಟ್ಟುಕೊಂಡಿದ್ದೇನೆ, ದೊಡ್ಡ ಲೀಗ್‌ಗಳ ಡ್ರಾಗೆ ಮತ್ತು ಸಣ್ಣ ದರದ ಲೇಗೆ ಮಾತ್ರ, 1.25ರ ಮೆಚ್ಚಿನ ತಂಡಗಳ ಕಡೆ ಎಕ್ಸ್‌ಚೇಂಜ್‌ನಲ್ಲೂ ಬುಕ್‌ಮೇಕರ್ ಬಳಿಯೂ ಈಗ ತಲೆ ಹಾಕುವುದಿಲ್ಲ.